ಬಿಸಿಲು ಬಹಳ, ಚಾರ್ಜ್ ಮಾತ್ರ ನಿಧಾನ! ಏಕೆ?

ಮಕ್ಕಳೇ, ನಮ್ಮೂರು ಭಾಗ್ಯನಗರ. ಕೊಪ್ಪಳ ಪಟ್ಟಣಕ್ಕೆ ಅಂಟಿಕೊಂಡೇ ಇರುವ ಊರು. ನಮ್ಮ ಜಿಲ್ಲೆಯಲ್ಲಿ ಕಲ್ಲುಗುಡ್ಡಗಳಿಗೂ ಬಿಸಿಲಿಗೂ ಬರವಿಲ್ಲ. ರಜೆ ಸಿಕ್ಕರೆ ಗುಡ್ಡ ಹತ್ತುವುದು ನನ್ನ ಅಭ್ಯಾಸ. ಅದರಲ್ಲೂ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವೆಂದರೆ ಬಲು ಇಷ್ಟ. ಜನ ಅದನ್ನು ಮೊರೇರ ಗುಡ್ಡ ಎನ್ನುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಸಮಾಧಿಗಳು ಅಲ್ಲಿವೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಇಂಥ ಗುಡ್ಡದಲ್ಲಿ ಮೊಬೈಲ್ ಬರೀ ಫೋಟೋ ತೆಗೆಯುವ ಸಾಧನವಲ್ಲ. ದಾರಿ ತಪ್ಪಿದರೆ ಅದೇ ನಕ್ಷೆ, ಕತ್ತಲಾದರೆ ಅದೇ ಬ್ಯಾಟರಿ ದೀಪ. ಯಾರದಾದರೂ ಕಾಲು ಉಳುಕಿದರೆ 112ಕ್ಕೆ ಕರೆ ಮಾಡಲೂ ಅದೇ ಬೇಕು. ಇನ್ನೊಂದು ಸಂಗತಿ ಗೊತ್ತೇ? ಸಿಗ್ನಲ್ ಸರಿಯಾಗಿ ಸಿಗದ ಕಡೆ ಮೊಬೈಲ್ ಟವರನ್ನು ಹುಡುಕುತ್ತಲೇ ಇರುತ್ತದೆ. ಹಾಗಾಗಿ ಚಾರ್ಜ್ ಬೇಗ ಇಳಿಯುತ್ತದೆ. ಆದ್ದರಿಂದ ನಾನು ಮಡಚಿ ಚೀಲದಲ್ಲಿಡಬಹುದಾದ 10 ವ್ಯಾಟ್‌ನ ಸೌರಫಲಕವೊಂದನ್ನು ಜೊತೆಗೆ ಒಯ್ಯುತ್ತೇನೆ.

ಒಮ್ಮೆ ನನ್ನ ಅಣ್ಣನ ಮಗ ನನ್ನೊಡನೆ ಬಂದಿದ್ದ. ಫಲಕವನ್ನು ಬೆನ್ನಚೀಲಕ್ಕೆ ಕಟ್ಟಿಕೊಂಡು, ಮೊಬೈಲನ್ನು ಅದಕ್ಕೆ ಜೋಡಿಸಿ ಉತ್ಸಾಹದಿಂದ ಹತ್ತಿದ. ಗಂಟೆ ಕಳೆದರೂ ಚಾರ್ಜ್ ಅಷ್ಟಕ್ಕಷ್ಟೇ! “ಕಾಕಾ, ಬಿಸಿಲು ಇಷ್ಟು ಚುರುಚುರು ಅನ್ನಾಕತ್ತೈತಿ, ಚಾರ್ಜ್ ಯಾಕ ಏರವಲ್ದು?” ಎಂದು ಕೇಳಿದ.

ಒಳ್ಳೆಯ ಪ್ರಶ್ನೆ, ಅಲ್ಲವೇ? ಬಂಡೆಯ ನೆರಳಿನಲ್ಲಿ ಕುಳಿತು ಇಬ್ಬರೂ ಉತ್ತರ ಹುಡುಕಿದೆವು.

ಸೌರಫಲಕಕ್ಕೆ ಬೇಕಾದದ್ದು ಬಿಸಿಲಿನ ಬೆಳಕು, ಬಿಸಿಯಲ್ಲ. ಬೆಳಕು ಸಿಲಿಕಾನ್‌ನಿಂದ ಮಾಡಿದ ಸೌರಕೋಶದ ಮೇಲೆ ಬಿದ್ದಾಗ ಅದರೊಳಗಿನ ಇಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಹರಿಯತೊಡಗುತ್ತವೆ. ಆ ಹರಿವೇ ವಿದ್ಯುತ್. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು 1839ರಲ್ಲಿ ಫ್ರಾನ್ಸ್‌ನ ಎಡ್ಮಂಡ್ ಬೆಕರೆಲ್ ಕಂಡುಕೊಂಡರು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಬಳಕೆಗೆ ಬರುವಂಥ ಸಿಲಿಕಾನ್ ಸೌರಕೋಶ ತಯಾರಿಸಿದರು. ನಾಲ್ಕೇ ವರ್ಷಗಳಲ್ಲಿ, 1958ರಲ್ಲಿ, ವ್ಯಾನ್‌ಗಾರ್ಡ್-1 ಉಪಗ್ರಹ ಸೌರಕೋಶಗಳನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ಇಂದು ನಮ್ಮ ರಾಜ್ಯದ ಪಾವಗಡದಲ್ಲಿರುವ ಬೃಹತ್ ಸೌರ ಉದ್ಯಾನ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಹಾಗಾದರೆ ಬಿಸಿ ಏನು ಮಾಡುತ್ತದೆ? ಸಿಲಿಕಾನ್ ಕೋಶ ಕಾದಷ್ಟೂ ಅದರ ವೋಲ್ಟೇಜು ಇಳಿಯುತ್ತದೆ. ಫಲಕದ ಮೇಲೆ ಬರೆದ 10 ವ್ಯಾಟ್ ಎಂಬುದು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಲೆಕ್ಕ. ಅದರಿಂದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ ಸುಮಾರು 0.4ರಷ್ಟು ಶಕ್ತಿ ಕಡಿಮೆಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಕೋಶ 60 ಡಿಗ್ರಿಗೆ ಕಾಯಿತೆನ್ನಿ. 35 ಡಿಗ್ರಿ ಹೆಚ್ಚಾಯಿತು. 35 × 0.4 = 14. ಅಂದರೆ 10 ವ್ಯಾಟ್‌ನ ಫಲಕ 8.6 ವ್ಯಾಟ್‌ಗೆ ಇಳಿಯಿತು!

ಎರಡನೆಯದು, ಓರೆ. ಬೆಳಕು ಫಲಕದ ಮೇಲೆ ನೇರವಾಗಿ ಬೀಳಬೇಕು. ನಡೆಯುವವರ ಬೆನ್ನು ಸೂರ್ಯನ ಕಡೆಗೇ ಇರುವುದಿಲ್ಲವಲ್ಲ! ನೇರ ದಿಕ್ಕಿನಿಂದ ಫಲಕ 60 ಡಿಗ್ರಿ ವಾಲಿದರೆ ಅದಕ್ಕೆ ಸಿಗುವ ನೇರ ಬಿಸಿಲು ಅರ್ಧಕ್ಕಿಳಿಯುತ್ತದೆ.

ಮೂರನೆಯದು, ನೆರಳು. ಫಲಕದ ಕೋಶಗಳನ್ನು ಸಾಮಾನ್ಯವಾಗಿ ಸಾಲಾಗಿ ಜೋಡಿಸಿರುತ್ತಾರೆ. ಜನ ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಕೊಡ ಸಾಗಿಸುವಾಗ ಒಬ್ಬರು ತಡಮಾಡಿದರೂ ಇಡೀ ಸಾಲು ನಿಧಾನವಾಗುತ್ತದೆ. ಇದೂ ಹಾಗೆಯೇ. ಒಂದು ಕೋಶದ ಮೇಲೆ ಗಿಡದ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ ಕುಗ್ಗುತ್ತದೆ.

ನಾಲ್ಕನೆಯದು, ಮೊಬೈಲಿನ ಲಿಥಿಯಂ ಅಯಾನ್ ಬ್ಯಾಟರಿ. ಅದಕ್ಕೂ ಬಿಸಿ ಆಗದು. ಸುಮಾರು 45 ಡಿಗ್ರಿಗಿಂತ ಹೆಚ್ಚು ಕಾದಾಗ ಚಾರ್ಜ್ ಮಾಡಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಬಹುತೇಕ ಮೊಬೈಲ್‌ಗಳು ಅತಿಯಾಗಿ ಬಿಸಿಯಾದಾಗ ಚಾರ್ಜ್ ಆಗುವುದನ್ನು ತಾವೇ ನಿಲ್ಲಿಸಿಬಿಡುತ್ತವೆ.

ಇಷ್ಟು ತಿಳಿದ ಮೇಲೆ ಪರಿಹಾರ ಸುಲಭವಾಯಿತು. ನಡೆಯುವಾಗ ಫಲಕವನ್ನು ಮಡಚಿಟ್ಟೆವು. ಊಟಕ್ಕೆ ಕುಳಿತಾಗ ಅದನ್ನು ಬಯಲಿನಲ್ಲಿ ಸೂರ್ಯನಿಗೆ ಮುಖಮಾಡಿ ನಿಲ್ಲಿಸಿ, ಅಡಿಯಲ್ಲಿ ಗಾಳಿಯಾಡಲು ಎರಡು ಕಲ್ಲು ಕೊಟ್ಟೆವು. ಮೊಬೈಲನ್ನು ನೆರಳಿನಲ್ಲಿಟ್ಟು ಉದ್ದ ತಂತಿಯಿಂದ ಜೋಡಿಸಿದೆವು. ಈಗ ಚಾರ್ಜ್ ಏರತೊಡಗಿತು. ಹುಡುಗನ ಮುಖವೂ ಅರಳಿತು.

ಆದರೂ ಅವಸರ ಸಲ್ಲದು. 5000 ಮಿಲಿಆಂಪಿಯರ್-ಗಂಟೆಯ ಮೊಬೈಲ್ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಎಲ್ಲ ನಷ್ಟ ಕಳೆದು ನಮಗೆ 6 ವ್ಯಾಟ್ ಸಿಕ್ಕಿತೆಂದರೂ ಬ್ಯಾಟರಿ ಪೂರ್ತಿ ತುಂಬಲು ಮೂರು ಗಂಟೆಗೂ ಹೆಚ್ಚು ಬೇಕು. ಮೋಡ ಕವಿದರಂತೂ ಹೇಳುವುದೇ ಬೇಡ. ಆದ್ದರಿಂದ ಒಂದು ದಿನದ ಚಾರಣಕ್ಕೆ ಮನೆಯಲ್ಲೇ ತುಂಬಿಸಿಕೊಂಡ ಪವರ್ ಬ್ಯಾಂಕ್ ಸಾಕು. ಎರಡು ಮೂರು ದಿನ ಕರೆಂಟ್ ಇಲ್ಲದ ಕಡೆ ಹೋಗುವವರಿಗೆ ಸೌರಫಲಕ ನಿಜವಾದ ಆಸರೆ. ಯಾವುದಿದ್ದರೂ ಸರಿ, ಕುಡಿಯುವ ನೀರು ಮತ್ತು ದೊಡ್ಡವರ ಜೊತೆ ಇರಲೇಬೇಕು. ಕತ್ತಲಾಗುವ ಮುನ್ನ ಗುಡ್ಡ ಇಳಿದುಬಿಡಬೇಕು.

ಮಾಡಿ ನೋಡಿ: ಒಂದು ರಟ್ಟಿನ ಮೇಲೆ ಬೆಂಕಿಕಡ್ಡಿಯನ್ನು ನೆಟ್ಟಗೆ ಅಂಟಿಸಿ ಬಿಸಿಲಿಗೆ ಹಿಡಿಯಿರಿ. ಕಡ್ಡಿಯ ನೆರಳು ಪೂರ್ತಿ ಮಾಯವಾಗುವವರೆಗೆ ರಟ್ಟನ್ನು ವಾಲಿಸಿ. ಈಗ ರಟ್ಟು ಸೂರ್ಯನಿಗೆ ನೇರವಾಗಿದೆ. ಫಲಕವನ್ನೂ ಹೀಗೆಯೇ ಇಡಬೇಕು. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ. ಕೊಪ್ಪಳದಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ 11ರ ಸುಮಾರಿಗೆ, ನಡುಮಧ್ಯಾಹ್ನ ರಟ್ಟನ್ನು ನೆಲದ ಮೇಲೆ ಸಮತಟ್ಟಾಗಿ ಇಟ್ಟರೂ ನೆರಳು ಕಾಣುವುದಿಲ್ಲ. ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.