ಬಂದೂಕಿನ ಕಿವಿ

ನಮ್ಮ ಮನೆಯ ಪಡಸಾಲೆಯಲ್ಲಿ ಕೊಟ್ಟೂರು ಗುರುಬಸವೇಶ್ವರನ ಫೋಟೋ ಇದೆ. ಅದರ ಪಕ್ಕದ ಗೂಟಕ್ಕೆ ತಾತನ ಬಂದೂಕು ತೂಗುತ್ತಿತ್ತು. ಲೈಸೆನ್ಸ್ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದು ಬರೆದಿತ್ತು. ಬಂದೂಕಿನ ಬಗೆ ‘ಎಸ್.ಬಿ.ಎಂ.ಎಲ್.’, ಅಂದರೆ ಒಂದೇ ನಳಿಗೆ, ಮುಂದಿನ ಬಾಯಿಂದ ತುಂಬುವಂಥದ್ದು. ಊರಿನವರಿಗೆ ಅದು ಕೇಪಿನ ಬಂದೂಕು. ಹೋದ ವರ್ಷ ತಾತ ತೀರಿಕೊಂಡ ಮೇಲೆ ಅದನ್ನು ಠಾಣೆಗೆ ಒಪ್ಪಿಸಿ ಬಂದೆವು. ಗೂಟ ಹಾಗೆಯೇ ಇದೆ.

ಕೂಡ್ಲಿಗಿ ಸೀಮೆಯ ಗುಡ್ಡಗಳನ್ನು ನೋಡಿದವರಿಗೆ ಗೊತ್ತು, ಬಂಡೆ ಮೇಲೆ ಬಂಡೆ, ನಡುವೆ ಕುರುಚಲು, ಕೆಳಗೆ ಶೇಂಗಾ ಹೊಲ. ಆ ಬಂಡೆಗಳ ಸಂದಿಯಲ್ಲಿ ಕರಡಿ ಇರುತ್ತವೆ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ನಮ್ಮ ತಾಲ್ಲೂಕಿನ ಗುಡೇಕೋಟೆಯಲ್ಲೂ ಆಮೇಲೆ ಆಯಿತು. ಆದರೆ ಧಾಮದ ಗಡಿ ಎಲ್ಲಿ ಮುಗಿಯುತ್ತದೆ ಅಂತ ಕರಡಿಗೆ ಯಾರು ಹೇಳಬೇಕು? ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಅವು ಇಳಿದು ಬರುತ್ತಿದ್ದವು, ಜೊತೆಗೆ ಹಂದಿಯೂ. ತಾತ ಯಾವ ಪ್ರಾಣಿಯನ್ನೂ ಕೊಂದದ್ದನ್ನು ನಾನು ಕಂಡಿಲ್ಲ. ಚರೆ ಹಾಕದೆ ಬರೀ ಮದ್ದು ತುಂಬಿ, ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದ. ಸದ್ದಿಗೆ ಅವು ಗುಡ್ಡ ಹತ್ತುತ್ತಿದ್ದವು. ನಮಗೆ ಬೇಕಾಗಿದ್ದುದು ಆ ಸದ್ದು ಮಾತ್ರ.

ಆ ಸದ್ದು ಬರಬೇಕಾದರೆ ಹಲವು ಕೆಲಸ ಸರಿಯಾಗಿ ನಡೆಯಬೇಕು. ಮೊದಲು ನಳಿಗೆಯ ಬಾಯಿಂದ ಮದ್ದು, ಅದರ ಮೇಲೆ ಚಿಂದಿ, ಆಮೇಲೆ ಸಲಾಕೆಯಿಂದ ಗಿಡಿಯುವುದು. ಹಿಂದುಗಡೆ ಮೊಳೆಯಂಥ ಒಂದು ಮೂತಿ ಇದೆ, ಅದರ ನಡುವೆ ಸೂಜಿ ಹಿಡಿಸುವಷ್ಟು ತೂತು. ತಾತ ಅದನ್ನು ಕಿವಿ ಅನ್ನುತ್ತಿದ್ದ. ತಾಮ್ರದ ಪುಟ್ಟ ಟೊಪ್ಪಿಗೆಯಂಥ ಕೇಪನ್ನು ಆ ಮೂತಿಗೆ ತೊಡಿಸಬೇಕು. ಕುದುರೆ ಎಳೆದು ಬಿಟ್ಟರೆ ಅದು ಕೇಪಿಗೆ ಬಡಿಯುತ್ತದೆ. ಕೇಪಿನ ಕಿಡಿ ಆ ತೂತಿನೊಳಗೆ ಇಳಿದು, ಒಮ್ಮೆ ತಿರುವಿ, ನಳಿಗೆಯ ಮದ್ದನ್ನು ಮುಟ್ಟಬೇಕು. ದಾರಿಯಲ್ಲಿ ಎಳ್ಳುಕಾಳಿನಷ್ಟು ಮಸಿ ಕೂತಿದ್ದರೂ ಕಿಡಿ ಅಲ್ಲೇ ಸಾಯುತ್ತದೆ.

ತೊಳೆಯುವ ಕೆಲಸ ನನ್ನದು. ಹಾರಿಸಿದ ಮರುದಿನ ಬೆಳಿಗ್ಗೆ ಅವ್ವ ಒಲೆ ಮೇಲೆ ನೀರು ಕಾಯಿಸಿ ಕೊಡುತ್ತಿದ್ದಳು. ನಳಿಗೆಗೆ ಬಿಸಿನೀರು ಸುರಿದು, ಸಲಾಕೆಗೆ ಬಟ್ಟೆ ಸುತ್ತಿ ಎಳೆದಾಡಬೇಕು. ಮೊದಲ ನೀರು ಕಾಡಿಗೆಯಂತೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ನೀರು ತಿಳಿಯಾಗುವವರೆಗೂ ಬಿಡುವಂತಿಲ್ಲ. ಆಮೇಲೆ ಒರೆಸಿ, ಬಿಸಿಲಿಗೆ ಒಣಗಿಸಿ, ಕಡೆಗೆ ಎಣ್ಣೆ.

2009ರ ಸೆಪ್ಟೆಂಬರ್ ಕೊನೆ. ಉತ್ತರ ಕರ್ನಾಟಕಕ್ಕೆಲ್ಲ ನೆರೆ ಬಂದ ಮಳೆ ಆಗಿನ್ನೂ ಹಿಡಿಯುತ್ತಿತ್ತು. ನನಗೆ ಹನ್ನೆರಡು ವರ್ಷ. ಹಿಂದಿನ ರಾತ್ರಿ ತಾತ ಎರಡು ಈಡು ಹಾರಿಸಿದ್ದ. ಸೌದೆ ಹಸಿ, ಒಲೆ ಹೊತ್ತಲಿಲ್ಲ, ನನಗೆ ಶಾಲೆಗೆ ಹೊತ್ತಾಗಿತ್ತು. ನೀರು ಮುಟ್ಟಿಸದೆ, ಹೊರಗೆಲ್ಲ ಎಣ್ಣೆ ಒರೆಸಿ, ಒಳಗೂ ಎಣ್ಣೆ ಬಟ್ಟೆ ಎಳೆದು, ಹೊಳೆಯುವ ಹಾಗೆ ಮಾಡಿ ಗೂಟಕ್ಕೆ ಹಾಕಿದೆ. ತಾತ ಕೇಳಿದಾಗ ‘ಆತು’ ಅಂದೆ.

ಎರಡು ದಿನ ಬಿಟ್ಟು ರಾತ್ರಿ ನಾಯಿ ಬೊಗಳಿತು. ತಾತ ಬಂದೂಕು ತಗೊಂಡು ಹೊಲಕ್ಕೆ ಹೋದ, ಹಿಂದೆ ಬ್ಯಾಟರಿ ಹಿಡಿದುಕೊಂಡು ಅಪ್ಪ. ಮನೆಯ ಬಾಗಿಲಲ್ಲಿ ನಿಂತ ನನಗೆ ‘ಟಪ್’ ಅಂತ ಕೇಪು ಸಿಡಿದದ್ದು ಕೇಳಿಸಿತು, ಹಿಂದೆಯೇ ಬರಬೇಕಾದ ಗುಡುಗು ಬರಲಿಲ್ಲ. ಇನ್ನೊಂದು ಟಪ್. ಆಮೇಲೆ ಅಪ್ಪ ಕೂಗಿದ್ದು. ಮರಿ ಜೊತೆಗಿದ್ದ ಕರಡಿ, ಸದ್ದಿಗೆ ಓಡುವ ಬದಲು ಮೈಮೇಲೆ ಬಿತ್ತು. ಅಕ್ಕಪಕ್ಕದವರು ಪಂಜು ಹಿಡಿದು ಓಡುವಷ್ಟರಲ್ಲಿ ತಾತನ ಎಡಗೈ ಮೊಣಕೈಯಿಂದ ಕೆಳಕ್ಕೆ ಹರಿದಿತ್ತು. ಕೂಡ್ಲಿಗಿಯಿಂದ ಬಳ್ಳಾರಿಗೆ ಒಯ್ದರು. ಕೈ ಉಳಿಯಿತು, ಎರಡು ಬೆರಳು ಮತ್ತೆ ಮಡಚಲಿಲ್ಲ.

‘ಮಳಿಗೆ ಮದ್ದು ತಣಸಾಗೈತಿ’ ಎಂದರು ಊರಿನವರು. ನಾನು ಸುಮ್ಮನಿದ್ದೆ.

ಈಗ ನಾನು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಲೋಹಕ್ಕೆ ತುಕ್ಕು ಹಿಡಿಯುವುದು ನನ್ನ ವಿಷಯ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಗೈಡ್ ಕೇಳಿದಾಗ ಬೇರೇನೋ ಹೇಳಿದ್ದೆ. ಗ್ರಂಥಾಲಯದಲ್ಲಿ ಒಂದು ದಿನ ನೋಬಲ್ ಮತ್ತು ಏಬಲ್ ಎಂಬ ಇಬ್ಬರು 1875ರಲ್ಲಿ ಮಾಡಿದ ಪ್ರಯೋಗದ ವಿವರ ಸಿಕ್ಕಿತು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಸುಟ್ಟಾಗ ತೂಕದ 43 ಪಾಲಷ್ಟೇ ಅನಿಲವಾಗುತ್ತದೆ, ಉಳಿದ 57 ಪಾಲು ಗಟ್ಟಿ ವಸ್ತುವಾಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ಅದರಲ್ಲಿ ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಮಿಕ್ಕಿದ್ದು ನಳಿಗೆಯಲ್ಲೇ ಕೂರುತ್ತದೆ. ನಾವು ಮಸಿ ಅನ್ನುವುದರಲ್ಲಿ ಬಹುಪಾಲು ಇಂಗಾಲವೇ ಅಲ್ಲ, ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ತೇವ ಹೀರುತ್ತವೆ, ಕಬ್ಬಿಣಕ್ಕೆ ತುಕ್ಕು ತರುತ್ತವೆ. ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಬಿದ್ದರೆ ಡಾಂಬರಿನಂತೆ ಮೆತ್ತಿಕೊಳ್ಳುತ್ತವೆ. ತಾತ ಬಿಸಿನೀರು ಅಂದದ್ದು ಯಾಕೆ ಅಂತ ಆ ದಿನ ತಿಳಿಯಿತು. ನಾನು ಮಾಡಿದ್ದೇನು ಅಂತಲೂ.

ಇದು ನಮ್ಮ ಹಳೆ ಬಂದೂಕಿನ ತೊಂದರೆ ಮಾತ್ರವಲ್ಲ. ರಂಜಕ ಬೆಳಗಿದ ಕೂಡಲೇ ಹಕ್ಕಿಗಳು ಹಾರಿಹೋಗುತ್ತವೆ ಎಂದು ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್, ಬಡಿತಕ್ಕೆ ಹೊತ್ತುವ ಮದ್ದಿನ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಕೇಪು ಹುಟ್ಟಿದ್ದು ಅದರ ಬೆನ್ನಿಗೆ. ಅಮೆರಿಕದಲ್ಲಿ 1985ರಲ್ಲಿ ಟೋನಿ ನೈಟ್ ಎಂಬುವನು ಕಿಡಿಯ ದಾರಿಯನ್ನು ನೇರ ಮಾಡಿ, ಹಿಂದಿನ ಬಿರಡೆ ಬಿಚ್ಚಿ ತೊಳೆಯುವಂಥ ಬಂದೂಕು ಮಾಡಿದ. ಈಗ ಅಲ್ಲಿನವರು ಪುಟ್ಟ ಕೇಪಿನ ಬದಲು ತೋಟೆಗೆ ಹಾಕುವ ದೊಡ್ಡ ಪ್ರೈಮರ್ ಹಾಕುತ್ತಾರೆ. ಕಿಡಿ ಜೋರು, ಆದರೆ ಅದರ ಕಿಟ್ಟವೂ ಜಾಸ್ತಿ. ಮದ್ದು ಕೂರುವ ಜಾಗದ ಮುಂದೆ ಬಳೆಯಂತೆ ಗಟ್ಟಿಯಾಗುತ್ತದೆ, ಬಿರಡೆಯ ತೂತು ಮುಚ್ಚಿಕೊಳ್ಳುತ್ತದೆ. ಅವರೂ ಸಣ್ಣ ಬೈರಿಗೆ ಹಿಡಿದು ಕೆರೆಯುತ್ತಾರೆ.

2023ರ ವಿಧಾನಸಭೆ ಚುನಾವಣೆಗೆ ಎಲ್ಲರಂತೆ ನಮ್ಮ ಬಂದೂಕನ್ನೂ ಠಾಣೆಗೆ ಕೊಟ್ಟಿದ್ದೆವು. ಬಿಡಿಸಿಕೊಂಡು ಬಂದ ದಿನ ಅಂಗಳದಲ್ಲಿ ಕೂತು ತೊಳೆಯುತ್ತಿದ್ದೆ. ತಾತ ಕಟ್ಟೆ ಮೇಲಿದ್ದ. ಲವಣ, ತೇವ ಅಂತೆಲ್ಲ ವಿವರಿಸುತ್ತ ಹೋದವನು ಕಡೆಗೆ ಹೇಳಿಬಿಟ್ಟೆ, ‘ತಾತ, ಆವತ್ತು ನಾನು ಬಿಸಿನೀರು ಹಾಕಿರ್ಲಿಲ್ಲ. ಬರೀ ಎಣ್ಣಿ ಒರೆಸಿದ್ದೆ.’

‘ಗೊತ್ತೈತಿ ಬಿಡೋ. ದವಾಖಾನಿಯಿಂದ ಬಂದ ಮ್ಯಾಲೆ ಕಿವಿಗೆ ಸೂಜಿ ಹಾಕಿ ನೋಡಿದ್ದೆ.’

‘ಮತ್ತ್ಯಾಕ ಕೇಳ್ಲಿಲ್ಲ?’

‘ಏನಂತ ಕೇಳ್ಲಿ? ಮದ್ದು ತುಂಬೋಕಿಂತ ಮೊದ್ಲು ಖಾಲಿ ಬಂದೂಕಿಗೆ ಒಂದು ಕೇಪು ಹೊಡೆದು ಕಿವಿ ಬಿಡಿಸ್ಕೋಬೇಕು. ಅದು ನನ್ನ ಕೆಲಸ. ಡಬ್ಬಿಯಾಗ ನಾಕು ಕೇಪು ಉಳಿದಿದ್ವು. ಒಂದು ಉಳೀಲಿ ಅಂತ ಬಿಟ್ಟೆ.’

ಹದಿನಾಲ್ಕು ವರ್ಷ ಆತನೂ ಅದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ಇಬ್ಬರದೂ ಆಯಿತು. ಹಾಗಂತ ನನ್ನ ಪಾಲು ಅರ್ಧಕ್ಕಿಳಿಯಲಿಲ್ಲ. ಆದರೆ ಆಮೇಲೆ ಆ ಮಡಚದ ಬೆರಳುಗಳನ್ನು ನೇರವಾಗಿ ನೋಡುವುದು ಸಾಧ್ಯವಾಯಿತು. ರಜೆಗೆ ಬಂದಾಗಲೆಲ್ಲ ಅವಕ್ಕೆ ಎಣ್ಣೆ ತಿಕ್ಕುತ್ತಿದ್ದೆ.

ಠಾಣೆಗೆ ಒಪ್ಪಿಸುವ ಹಿಂದಿನ ದಿನ ಅವ್ವನಿಗೆ ನೀರು ಕಾಯಿಸಲು ಹೇಳಿದೆ. ‘ಕೊಡೋ ಬಂದೂಕು, ಯಾಕ ತೊಳೀತಿ?’ ಅಂದ ಅಪ್ಪ. ನಾಲ್ಕನೇ ಸಲಕ್ಕೆ ನೀರು ತಿಳಿಯಾಗಿ ಬಂತು. ಕಿವಿಗೆ ಸೂಜಿ ಹಾಕಿ ನೋಡಿದೆ. ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿದೆ.