ಸ್ವಾರಸ್ಯಕ್ಕೆ ಒಂದಂಕ

ಅಕ್ಕಿಯನ್ನು ಸೇರಿನಿಂದ ಅಳೆಯಬಹುದು, ಬಟ್ಟೆಯನ್ನು ಗಜದಿಂದ. ಮಕ್ಕಳು ಮೂರು ಗಂಟೆ ತಲೆ ತಗ್ಗಿಸಿ ಬರೆದ ಉತ್ತರವನ್ನು ಯಾವುದರಿಂದ ಅಳೆಯಬೇಕು? ಪಿ.ಯು. ಮೌಲ್ಯಮಾಪನಕ್ಕೆ ಕುಳಿತ ಮೇಷ್ಟರ ಕೈಗೆ ಆ ಅಳತೆಗೋಲು ಅಚ್ಚಾಗಿಯೇ ಬರುತ್ತದೆ; ಅದರ ಹೆಸರು ‘ಸ್ಕೀಮ್’. ನಮ್ಮ ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ’ ಎಂದರೆ ಮೂರು ಅಂಕ: ಆಕರಕ್ಕೊಂದು, ಸಂದರ್ಭಕ್ಕೊಂದು, ಸ್ವಾರಸ್ಯಕ್ಕೊಂದು. ರಸವೆಂದರೇನೆಂದು ಆಲಂಕಾರಿಕರು ಶತಮಾನಗಟ್ಟಲೆ ಚರ್ಚಿಸಿದರು. ನಾವು ಅದನ್ನು ಒಂದಂಕಕ್ಕೆ ಮುಗಿಸಿದ್ದೇವೆ!

ಆದರೂ ನಗಬೇಡಿ. ಸ್ಕೀಮ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ತೋರಿಸಿಕೊಟ್ಟರು. ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಮಿಕ್ಕ ಶಿಕ್ಷಕರು ತಿದ್ದಿದರು. ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು! ಈಗ ಅದೇ ದೇಶದ ಹೈಸ್ಕೂಲು ಮಕ್ಕಳ ಎ.ಪಿ. ಮನಶ್ಶಾಸ್ತ್ರ ಪರೀಕ್ಷೆಯಲ್ಲಿ ಬರೆದು ಉತ್ತರಿಸುವ ಎರಡು ಪ್ರಶ್ನೆಗಳಿಗೆ ತಲಾ 7 ಅಂಕ. ಯಾವ ಅಂಶಕ್ಕೆ ಎಷ್ಟೆಂದು ಮೊದಲೇ ಗೊತ್ತುಮಾಡಿರುತ್ತಾರೆ. ನಮ್ಮ ಮುಂಗೋಪದಿಂದಲೂ ಮುದ್ದಾದ ಅಕ್ಷರದ ಮೋಹದಿಂದಲೂ ಮಕ್ಕಳನ್ನು ಕಾಯುವ ಬೇಲಿ ಇದು.

ಎಸ್.ಎಸ್. ಬಡಾವಣೆಯ ನಮ್ಮ ನೆರೆಯವರೊಬ್ಬರು ಒಂದು ಸಂಜೆ ಮಗಳ ಮನಶ್ಶಾಸ್ತ್ರದ ಉತ್ತರಪತ್ರಿಕೆಯ ನಕಲು ಹಿಡಿದು ಬಂದರು. ಬರೆದವರಿಗೆ ಅದನ್ನು ನೋಡುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆಯಷ್ಟೆ.

“ಎರಡು ಪುಟ ಬರೆದಾಳೆ ನೋಡ್ರಿ ಮೇಷ್ಟ್ರೇ, ಇಷ್ಟೇನಾ ಅಂಕ?”

ಪಾವ್ಲೋವನ ಪ್ರಯೋಗವನ್ನು ಉದಾಹರಣೆ ಸಹಿತ ವಿವರಿಸುವ ಪ್ರಶ್ನೆ. ನಾಯಿ, ಗಂಟೆ, ಜೊಲ್ಲು ಎಲ್ಲವೂ ವಿಸ್ತಾರವಾಗಿ ಬಂದಿದ್ದುವು. ಯಾವುದು ಪ್ರಚೋದನೆ, ಯಾವುದು ಪ್ರತಿಕ್ರಿಯೆ ಎಂಬುದು ಮಾತ್ರ ಇರಲಿಲ್ಲ. ಅಲ್ಲಿ ಹೋದ ಅಂಕ ನ್ಯಾಯವಾಗಿಯೇ ಹೋಗಿತ್ತು. ಆದರೆ ಕೊನೆಯಲ್ಲಿ ಹುಡುಗಿ ಬರೆದಿದ್ದಳು: ಕಾವಲಿ ಚುಂಯ್ ಎಂದರೆ ಸಾಕು, ಬೆಣ್ಣೆದೋಸೆ ಕಣ್ಣಿಗೆ ಬೀಳುವ ಮೊದಲೇ ನಮ್ಮೂರಿನವರ ಬಾಯಲ್ಲಿ ನೀರೂರುತ್ತದೆ. ಪುಸ್ತಕದಲ್ಲಿಲ್ಲದ, ಆದರೆ ಅಪ್ಪಟವಾದ ಉದಾಹರಣೆ! ಅದರ ಪಕ್ಕದಲ್ಲಿ ಕೆಂಪು ಗುರುತೇ ಇರಲಿಲ್ಲ. “ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಬಿಡಿ” ಎಂದೆ.

ಕಟ್ಟುಗಟ್ಟಲೆ ಪತ್ರಿಕೆ ತಿದ್ದುವವರ ಕಣ್ಣು ಬರುಬರುತ್ತ ಅಚ್ಚಾದ ಮಾತಿಗೇ ಒಗ್ಗಿಹೋಗುತ್ತದೆ. ಪರಿಚಿತ ಶಬ್ದ ಕಂಡೊಡನೆ ಪೆನ್ನು ತಾನಾಗಿ ಗುರುತು ಹಾಕುತ್ತದೆ. ಪಾವ್ಲೋವ್ ಕಂಡಿದ್ದರೆ ನಮ್ಮನ್ನೂ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಿದ್ದನೋ ಏನೋ!

ಹುಡುಗರಿಗೆ ನಾನು ಹೇಳುವುದಿಷ್ಟೆ: ಪಾರಿಭಾಷಿಕ ಪದಗಳನ್ನು ತಪ್ಪದೆ ಬರೆಯಿರಿ, ನಿಮ್ಮ ದೋಸೆಯನ್ನೂ ಬಿಡಬೇಡಿ. ನಮ್ಮ ವೃತ್ತಿಬಾಂಧವರಿಗೆ ಹೇಳುವುದೂ ಇಷ್ಟೆ: ಮಕ್ಕಳು ನಮ್ಮಿಂದ ದಯೆಯನ್ನು ಬೇಡುತ್ತಿಲ್ಲ, ಕೊನೆಯ ಸಾಲಿನವರೆಗೂ ಓದಿರೆಂದು ಕೇಳುತ್ತಿದ್ದಾರೆ.