ಅರ್ಧ ಗುಳಿಗೆ

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಬೆಳಗಿನ ಚಹಾ ಮುಗಿದ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅಡಕೊತ್ತನ್ನು ಕೈಗೆತ್ತಿಕೊಳ್ಳುತ್ತಾರೆ. ಅದರಿಂದ ಕತ್ತರಿಸುವುದು ಅಡಿಕೆಯನ್ನಲ್ಲ, ರಕ್ತದೊತ್ತಡದ ಗುಳಿಗೆಯನ್ನು. ಅರ್ಧ ಇಂದಿಗೆ, ಅರ್ಧ ನಾಳೆಗೆ.

“ಪೂರಾ ನುಂಗಿದ್ರ ಒಂದ ತಿಂಗಳಿಗೆ ಮುಗೀತಾವ. ಅರ್ಧಾ ನುಂಗಿದ್ರ ಎರಡ ತಿಂಗಳ ಬರ್ತಾವ” ಎಂಬುದು ಅವರ ಲೆಕ್ಕ. ಬರಗಾಲದಲ್ಲಿ ಹಗೇವಿನ ಜೋಳವನ್ನು ಹೀಗೆಯೇ ಅಳೆದು ಸಂಸಾರ ನಡೆಸಿದವರು ಅವರು. ಆದರೆ ಜೋಳಕ್ಕೆ ಒಪ್ಪಿದ ಮಿತವ್ಯಯ ರಕ್ತನಾಳಕ್ಕೆ ಒಪ್ಪುವುದಿಲ್ಲ.

ಸೊಲ್ಲಾಪುರದ ಕಾಲೇಜಿನಲ್ಲಿ ಬಿ.ಎ. ಓದುವ ಮೊಮ್ಮಗಳು ರಜೆಗೆ ಬಂದಾಗ ಇದನ್ನು ಕಂಡಳು. ಮರುವಾರ ಅಜ್ಜಿಯ ಚೀಟಿ ಹಿಡಿದು ನಗರದ ಅಂಗಡಿಗೆ ಹೋಗಿ, ಇದೇ ಔಷಧ ಕಡಿಮೆ ಬೆಲೆಗೆ ಸಿಗುವುದೇ ಎಂದು ಕೇಳಿದಳು. “ಚಿಠ್ಠೀತ ಹೇಚ್ ನಾವ್ ಆಹೇ” ಎಂದನು ಅಂಗಡಿಯವನು. ಚೀಟಿಯಲ್ಲಿರುವುದು ಇದೇ ಹೆಸರು. ಅವನ ಮಾತು ಸುಳ್ಳಲ್ಲ. ವೈದ್ಯರು ಬರೆದ ಕಂಪನಿಯ ಹೆಸರಿಗೆ ಬದಲಾಗಿ, ಒಳಗಿನ ದ್ರವ್ಯ ಒಂದೇ ಆಗಿದ್ದರೂ, ಬೇರೊಂದನ್ನು ಕೊಡಲು ಔಷಧ ನಿಯಮಗಳು ಅವನಿಗೆ ಅಧಿಕಾರ ಕೊಟ್ಟಿಲ್ಲ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬುದು ನಮ್ಮ ಗಾದೆ. ಇಂದಿನ ಔಷಧ ವ್ಯವಹಾರದಲ್ಲಿ ಆ ಹೊಂದಿಕೆ ಉಳಿದಿಲ್ಲ. ಆರಿಸುವವರು ಹಣ ಕೊಡುವುದಿಲ್ಲ. ಹಣ ಕೊಡುವವರು ಆರಿಸಲಾರರು. ಬೆಲೆ ಏರುವುದು ಈ ಬಿರುಕಿನಲ್ಲಿಯೇ.

ಬೆಲೆಗೆ ಕಡಿವಾಣವೇ ಇಲ್ಲವೆಂದಲ್ಲ. 1997ರಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಥಾಪನೆಯಾಯಿತು. ಮೊದಲು ಉತ್ಪಾದನಾ ವೆಚ್ಚವನ್ನು ಆಧರಿಸಿ ಬೆಲೆ ನಿಗದಿಯಾಗುತ್ತಿತ್ತು. 2013ರ ಆದೇಶದ ನಂತರ ಮಾರುಕಟ್ಟೆಯಲ್ಲಿರುವ ಬೆಲೆಗಳ ಸರಾಸರಿಯೇ ಗರಿಷ್ಠ ಮಿತಿಗೆ ಆಧಾರವಾಯಿತು. ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವವುಗಳ ಬೆಲೆಯೂ ಸಗಟು ಬೆಲೆ ಸೂಚ್ಯಂಕದೊಡನೆ ಏರಬಹುದು. 2022ರ ಏಪ್ರಿಲಿನಲ್ಲಿ ಅನುಮತಿಸಿದ ಏರಿಕೆ ಶೇಕಡಾ 10.76. ಪಟ್ಟಿಯ ಹೊರಗಿನವುಗಳನ್ನು ವರ್ಷಕ್ಕೆ ಶೇಕಡಾ 10ರವರೆಗೆ ಏರಿಸಬಹುದು. ಅಜ್ಜಿಯ ವೃದ್ಧಾಪ್ಯ ವೇತನಕ್ಕೆ ಇಂತಹ ಸೂಚ್ಯಂಕವಿಲ್ಲ.

ಸುಧಾರಣೆಗಳೂ ಈ ನೆಲಕ್ಕೆ ಬಂದಿವೆ. ಇಂದು ಮಹಾತ್ಮಾ ಜೋತಿರಾವ ಫುಲೆಯವರ ಹೆಸರಿನಲ್ಲಿರುವ ಮಹಾರಾಷ್ಟ್ರದ ಆರೋಗ್ಯ ಯೋಜನೆ 2012ರಲ್ಲಿ ಎಂಟು ಜಿಲ್ಲೆಗಳಲ್ಲಿ ಆರಂಭವಾದಾಗ ಸೊಲ್ಲಾಪುರವೂ ಅವುಗಳಲ್ಲೊಂದಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಯಂತಹ ದೊಡ್ಡ ವೆಚ್ಚವನ್ನು ಅದು ಭರಿಸುತ್ತದೆ. ಆದರೆ ಆ ಶಸ್ತ್ರಚಿಕಿತ್ಸೆಯ ತನಕ ಹೋಗದಂತೆ ಕಾಯುವ ದಿನದ ಗುಳಿಗೆಯನ್ನು ಅಂಗಡಿಯಲ್ಲಿ ಕೊಳ್ಳುವವರು ತಮ್ಮ ಗಂಟನ್ನೇ ಬಿಚ್ಚಬೇಕು. ಮನೆ ಬಿದ್ದ ಮೇಲೆ ಕಟ್ಟಿಕೊಡುವ ಧರ್ಮ ದೊಡ್ಡದು. ಬೀಳುವ ಮೊದಲೇ ಒಂದು ತೊಲೆ ಕೊಡುವುದು ಅದಕ್ಕಿಂತ ಅಗ್ಗ.

ಮೊಮ್ಮಗಳು ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನು ಓದಿದಳು: ಟೆಲ್ಮಿಸಾರ್ಟನ್. ಅದು ಔಷಧದ ನಿಜವಾದ ಹೆಸರು. ಆ ಹೆಸರಿನಿಂದಲೇ ಜನೌಷಧಿ ಕೇಂದ್ರಗಳಲ್ಲಿ ಅದು ಸಿಗುತ್ತದೆ. 2008ರಲ್ಲಿ ಆರಂಭವಾದ ಆ ಯೋಜನೆಯ ಔಷಧಗಳು ಹೆಸರಾಂತ ಕಂಪನಿಗಳವಕ್ಕಿಂತ ಶೇಕಡಾ 50ರಿಂದ 90ರಷ್ಟು ಅಗ್ಗವೆಂದು ಸರಕಾರವೇ ಹೇಳುತ್ತದೆ. ಮುಂದಿನ ತಪಾಸಣೆಯಲ್ಲಿ ಅವಳು, ಔಷಧದ ಮೂಲ ಹೆಸರನ್ನೇ ಬರೆದುಕೊಡಿರೆಂದು ವೈದ್ಯರನ್ನು ವಿನಂತಿಸಿದಳು. ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ವೈದ್ಯರ ನಡತೆಯ ನಿಯಮಗಳಿಗೆ 2016ರಲ್ಲಿಯೇ ತಿದ್ದುಪಡಿಯಾಗಿದೆ. ವೈದ್ಯರು ಬೇಸರಿಸಲಿಲ್ಲ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟು, “ಇದುವರೆಗೆ ಯಾರೂ ಕೇಳಿರಲಿಲ್ಲ” ಎಂದರು.

ಕೇಳುವವರಾದರೂ ಹೇಗೆ ಕೇಳಬೇಕು? ಚೀಟಿ ಇಂಗ್ಲಿಷಿನಲ್ಲಿ, ಅಂಗಡಿ ಮರಾಠಿಯಲ್ಲಿ, ನೋವು ಕನ್ನಡದಲ್ಲಿ. ಗಡಿನಾಡಿನ ಮುದುಕರು ಈ ಮೂರರ ನಡುವೆ ಮೌನವಾಗುತ್ತಾರೆ. ಅವರ ಮೌನಕ್ಕೂ ಒಂದು ಬೆಲೆಯಿದೆ. ಅದು ಯಾವ ಪಟ್ಟಿಯ ಮೇಲೂ ಮುದ್ರಿತವಾಗಿರುವುದಿಲ್ಲ.

“ಆಯೀ, ಇನ್ನ ಮ್ಯಾಲೆ ಪೂರಾ ಗುಳಿಗಿ ನುಂಗಬೇಕ ನೋಡು” ಎಂದು ಮೊಮ್ಮಗಳು ಹೇಳಿದಾಗ ಅಜ್ಜಿ ಹೊಸ ಪಟ್ಟಿಯನ್ನು ತಿರುಗಿಸಿ ನೋಡಿದರು. “ಇಷ್ಟ ಸೋವಿ ಐತಿ, ಗುಣಾ ಬರತೈತೇನ?” ಎಂದರು. ಸಂದೇಹ ಪೂರ್ತಿ ಹೋಗಲಿಲ್ಲ. ಆದರೂ ಅಂದಿನಿಂದ ಅಡಕೊತ್ತು ಅಡಿಕೆಯ ಚೀಲಕ್ಕೆ ಮರಳಿದೆ. ಮೊಮ್ಮಗಳಿಲ್ಲದ ಮನೆಗಳಲ್ಲಿ ಅದು ಇನ್ನೂ ಗುಳಿಗೆಗಳನ್ನು ಕತ್ತರಿಸುತ್ತಲೇ ಇರಬೇಕು.